ಬಚ್ಚಿಟ್ಟ ಹೊಲಿಗೆ ಮೆಷಿನ್ನು

ಬಸ್ಸಿನಲ್ಲಿ ಮುಂದಿನ ಸೀಟಿನ ಅತ್ತಿಗೆ ನಾದಿನಿಯರ ಮಾತಿನಲ್ಲಿ ನಗರಸಭೆಯ ಹೆಸರು ಬಂದದ್ದೇ ತಡ, ಹಿಂದೆ ಕೂತಿದ್ದ, ಬಟ್ಟೆ ಇಸ್ತ್ರಿ ಮಾಡುವ ಇಸ್ತ್ರಿಯವಳ ಕಿವಿ ನೆಟ್ಟಗಾಯಿತು. ಬಡವರ ಮನೆಗೆ ತಿಂಗಳು ತಿಂಗಳು ಕೊಡುವ ದುಡ್ಡಿನಿಂದ ಏನಾದರೂ ಉಪಯೋಗವಾಯಿತೇ ಎಂದು ವಿಚಾರಿಸಲು ನಗರಸಭೆಯವರು ನಾಳೆ ಅವಳ ಮನೆಗೂ ಬರುವವರಿದ್ದರು.

"ಆ ದುಡ್ಡಲ್ಲಿ ತಗೊಂಡ ಹೊಲಿಗೆ ಮೆಷಿನ್ನು ಕಂಡ್ರೆ ದುಡ್ಡು ನಿಲ್ಲಿಸಿಬಿಡ್ತಾರೆ ಅಂತ ಪಕ್ಕದ್ಮನೇಲಿ ಬಚ್ಚಿಟ್ಟಿದ್ದೆ ಕಣೇ," ಎಂದಳು ಅತ್ತಿಗೆ.

"ಆಮೇಲೆ?"

"ದುಡ್ಡಲ್ಲಿ ಏನು ತಗೊಂಡ್ರಿ ಅಂತ ಕೇಳಿದ್ಲು ನಗರಸಭೆಯಿಂದ ಬಂದ ಹುಡುಗಿ. ಏನಿಲ್ಲ, ಎಲ್ಲಾ ಹೊಟ್ಟೆಗೇ ಆಯ್ತು ಅಂದೆ. ಅಷ್ಟರಲ್ಲಿ ಗೋಡೆಯಾಚೆ ಟಕಟಕ ಶುರು!"

"ಯಾರು ತುಳೀತಿದ್ರು?"

"ಇನ್ಯಾರು, ನಿಮ್ಮಮ್ಮ! ಸುಮ್ನೆ ಕೂರೋ ಜೀವಾನಾ ಅದು? ಹುಡುಗಿ ಸೀದಾ ಅಲ್ಲಿಗೇ ಹೋದ್ಲು. ನಾನೂ ಹಿಂದೇನೇ ಓಡಿದೆ."

"ದುಡ್ಡು ನಿಂತ್ಹೋಯ್ತಾ?"

"ಇಲ್ಲ ಕಣೇ! 'ಅಜ್ಜಿ, ನಾವು ನೋಡೋಕೆ ಬಂದಿದ್ದೇ ಇದನ್ನ' ಅಂತ ಫೋಟೋ ತಕ್ಕೊಂಡ್ಲು. ನಿಲ್ಲೋ ಮಾತೇ ಇಲ್ಲ ಅಂದ್ಲು. ನಿಮ್ಮಮ್ಮ ಬಿಡ್ತಾರಾ? ಅವಳ ಹರಿದ ಚೀಲಕ್ಕೂ ಹೊಲಿಗೆ ಹಾಕಿ ಕಳಿಸಿದ್ರು."

ಇಬ್ಬರೂ ನಗುತ್ತಾ ಇಳಿದುಹೋದರು. ಇಸ್ತ್ರಿಯವಳು ಉಸಿರು ಬಿಟ್ಟು ಗಂಡನಿಗೆ ಫೋನ್ ಮಾಡಿದಳು.

"ರೀ, ನಿಮ್ಮಕ್ಕನ ಮನೆ ಅಟ್ಟದಿಂದ ನಮ್ಮ ಹೊಸ ಇಸ್ತ್ರಿಪೆಟ್ಟಿಗೆ ಇಳಿಸ್ಕೊಂಡು ಬನ್ನಿ. ನಾಳೆ ಬರೋ ಸಾಹೇಬರ ಅಂಗಿ ಸುಕ್ಕಾಗಿದ್ರೆ, ಬಿಚ್ಚಿಸಿಯಾದ್ರೂ ಇಸ್ತ್ರಿ ಹಾಕಿ ಕಳಿಸ್ತೀನಿ."