ವಿಜೇತಾಳ ಸೀಟು ಶಾಮರಾಯರ ಆಸ್ತಿಯಲ್ಲ

ವೇದಿಕೆಯಲ್ಲಿರುವ ಹಿರಿಯರಿಗೆ, ನಮ್ಮ ವಕೀಲರ ಸಂಘದ ಅಧ್ಯಕ್ಷ ಮಧುಸೂದನ ಅವರಿಗೆ, ಕುಂದಾಪುರ, ಬೈಂದೂರು, ಬ್ರಹ್ಮಾವರದಿಂದ ಬಂದು ಸೇರಿದ ವಕೀಲ ಮಿತ್ರರಿಗೆ, ಗುಮಾಸ್ತರಿಗೆ — ನಮಸ್ಕಾರ. ಸುಗುಣಮ್ಮ, ಶ್ರೀವಿದ್ಯಾ — ಯಜಮಾನರನ್ನು, ತಂದೆಯನ್ನು ಕಳೆದುಕೊಂಡ ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನು ಹೇಳುವುದು ನಿಮಗೆ ಹಿಡಿಸಲಿಕ್ಕಿಲ್ಲ.

ನಾನು ವನಜ, ತಲ್ಲೂರಿನವಳು. ಶಾಮರಾಯರ ಆಫೀಸಿನಲ್ಲಿ ಇಪ್ಪತ್ತನಾಲ್ಕು ವರ್ಷ ಜೂನಿಯರ್. ತಲೆ ಹಣ್ಣಾದರೂ ಜೂನಿಯರೇ. ನನಗಿಂತ ಮೊದಲು ಮಾತನಾಡಿದ ಐದು ಜನ ಅವರನ್ನು ದೇವರು ಮಾಡಿ ಕೂರಿಸಿದಿರಿ. ಮಾಡಿ, ನನ್ನ ತಕರಾರಿಲ್ಲ. ಆದರೆ ಮಧುಸೂದನ ಅವರೇ, ಕೊನೆಗೆ ನೀವೊಂದು ಘೋಷಣೆ ಮಾಡಿದಿರಿ. "ಶಾಮರಾಯರ ಕೊನೆಯ ಆಸೆಯಂತೆ ಅವರ ಗುಮಾಸ್ತ ಬಚ್ಚನ ಮಗಳು ವಿಜೇತಾ ಇಲ್ಲೇ ಹತ್ತಿರದ ಕಾಲೇಜಿನಲ್ಲಿ ಕಾನೂನು ಓದಿ, ಅವರ ಆಫೀಸನ್ನು ಮುಂದುವರಿಸುತ್ತಾಳೆ" ಅಂತ. ಎಲ್ಲರೂ ಚಪ್ಪಾಳೆ ಹೊಡೆದಿರಿ. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ! ನಾಚಿಕೆ ಆಗಲಿಲ್ಲವಾ? ಆ ಹುಡುಗಿ ಮೂರನೇ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿದ್ದಾಳೆ. ಅವಳನ್ನು ಯಾರಾದರೂ ಒಂದು ಮಾತು ಕೇಳಿದಿರಾ?

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೇಳಿ. ವಿಜೇತಾ ಇಡೀ ದೇಶದ ಮಕ್ಕಳು ಬರೆಯುವ ಕಾನೂನು ಪ್ರವೇಶ ಪರೀಕ್ಷೆ ಬರೆದಿದ್ದಾಳೆ. ಕೋಚಿಂಗ್ ಇಲ್ಲ, ಏನಿಲ್ಲ. ದಿನಾ ಸಂಜೆ ಪಿಯು ಕಾಲೇಜು ಬಿಟ್ಟ ಮೇಲೆ ನಮ್ಮ ಆಫೀಸಿನ ಹಿಂದಿನ ಬೆಂಚಿನಲ್ಲಿ, ಹಳೇ ಫೈಲುಗಳ ಮಧ್ಯೆ ಕೂತು ಓದಿದವಳು. ಹೊರರಾಜ್ಯದ ಒಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಅದನ್ನು ಒಪ್ಪಿಕೊಳ್ಳಲು ಇವತ್ತು ಸಂಜೆ ಐದು ಗಂಟೆಯವರೆಗೆ ಅವಕಾಶ. ಆಮೇಲೆ ಆ ಸೀಟು ಬೇರೆಯವರಿಗೆ. ಒಪ್ಪಿಗೆಗೆ ಬೇಕಾದ ಒಟಿಪಿ ಬರುವುದು ಅಪ್ಪನ ಫೋನಿಗೆ. ಅಪ್ಪ ಮೂರು ದಿನದಿಂದ ಫೋನ್ ಆಫ್ ಮಾಡಿ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಾರೆ. ಈಗ ಗಂಟೆ ನಾಲ್ಕೂ ಇಪ್ಪತ್ತು.

ಹ್ವಾಯ್ ಭೋಜಣ್ಣ, ಎದ್ದ್ ಹೋಪುದ್ ಎಂತಕೆ? ಕೂಕಣಿ. ಬೈಂದೂರಿನ ಬಸ್ಸು ಇನ್ನೂ ಉಂಟು.

ನನ್ನ ಕಥೆ ಸ್ವಲ್ಪ ಹೇಳಬೇಕು. ನನ್ನ ಅಪ್ಪ ಶಾಮರಾಯರ ಕಕ್ಷಿದಾರ. ಪಿಯುಸಿ ಮುಗಿದಾಗ ನಾನು ಬೆಂಗಳೂರಿನ ಕಾನೂನು ಶಾಲೆಯ ಅರ್ಜಿ ತರಿಸಿ, ತುಂಬಿಸಿಕೊಡಿ ಎಂದು ಇವರ ಹತ್ತಿರ ಹೋದೆ. ಅರ್ಜಿಯನ್ನು ಹೀಗೆ — ಎರಡು ಬೆರಳಲ್ಲಿ ಎತ್ತಿ ನೋಡಿದರು. "ಎಂತಕೆ ಬೆಂಗ್ಳೂರ್? ಇಲ್ಲಿ ಓದ್ರೆ ವಕೀಲ್ರ್ ಆತಿಲ್ಯಾ? ಇಡ್ ಇಲ್ಲಿ, ಕಾಂಬ" ಅಂದರು. ನೋಡೋಣವಂತೆ! ಇಟ್ಟೆ. ವಾರ ಬಿಟ್ಟು ಹೋದೆ — "ಕಾಂಬ". ಇನ್ನೊಂದು ವಾರ — "ಕಾಂಬ ಮಗಾ". ಮೂರನೇ ವಾರ ಹೋದಾಗ ಜೋರಾಗಿ ನಕ್ಕರು. "ಅಯ್ಯೋ, ತಾರೀಕ್ ದಾಟಿ ಹೋಯ್ತಲೆ! ಇನ್ ನಿನ್ ಅರ್ಜಿ ಕಾಲಬಾಧಿತ!" ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇವತ್ತಿಗೂ ನನಗೆ ಸಿಟ್ಟು ಬರುವುದು ಅವರು ನಕ್ಕಿದ್ದಕ್ಕಲ್ಲ, ನಾನು ನಕ್ಕಿದ್ದಕ್ಕೆ.

ಕಾಲೇಜು ಆರಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ ಅನ್ನಬೇಡಿ. ಶ್ರೀವಿದ್ಯಾ, ಕ್ಷಮಿಸು, ಹೇಳಲೇಬೇಕು. ನೀನು ಒಂಬತ್ತನೇ ಕ್ಲಾಸಿನಲ್ಲಿ ಇರುವಾಗಲೇ ನಿನಗೋಸ್ಕರ ಒಂದು ನೋಟ್‌ಬುಕ್ ಮಾಡಿದ್ದರು ನಿನ್ನ ಅಪ್ಪ. ಮೂರು ಊರಿಗೆ ರೈಲು ಹತ್ತಿ ಹೋಗಿ ನೋಡಿ ಬಂದರು. ಯಾವ ಕಾಲೇಜಿಗೆ ಬಾರ್ ಕೌನ್ಸಿಲ್ ಮಾನ್ಯತೆ ಇದೆ, ಮೇಷ್ಟ್ರುಗಳು ಎಷ್ಟು ಕಾಲದಿಂದ ಇದ್ದಾರೆ, ಲೈಬ್ರರಿ ಎಷ್ಟು ಹೊತ್ತು ತೆರೆದಿರುತ್ತದೆ, ರಜೆಯಲ್ಲಿ ಮಕ್ಕಳನ್ನು ಯಾವ ಯಾವ ಹೈಕೋರ್ಟಿನ ವಕೀಲರ ಹತ್ತಿರ ಕೆಲಸ ಕಲಿಯಲು ಕಳಿಸುತ್ತಾರೆ, ಓದಿ ಹೋದವರು ಈಗ ಎಲ್ಲಿದ್ದಾರೆ — ಎಲ್ಲ ಬರೆದುಕೊಂಡಿದ್ದರು. ಅದನ್ನು ಶುದ್ಧಪ್ರತಿ ಮಾಡಿದವಳು ನಾನು! ಮಗಳಿಗೆ ಅಷ್ಟು ವಿಚಾರಣೆ. ಊರವರ ಮಕ್ಕಳಿಗೆ — "ಕಾಂಬ".

ನಾನು ಓದಿದ ಇಲ್ಲಿಯ ಕಾಲೇಜನ್ನು ದೂರುತ್ತಿಲ್ಲ. ನನಗೆ ಪಾಠ ಹೇಳಿದವರು ಒಳ್ಳೆಯವರು. ಇಲ್ಲಿ ಓದಿ ಜಡ್ಜ್ ಆದವರಿದ್ದಾರೆ. ಇಲ್ಲಿ ಓದಬೇಕೆಂದು ತಾನೇ ತೀರ್ಮಾನಿಸಿದವಳು ಇಲ್ಲಿ ಓದಲಿ, ಸಂತೋಷ. ಇನ್ನೊಬ್ಬರ ಆಫೀಸಿನ ಬಾಗಿಲು ತೆರೆದಿರಲಿ ಎಂದು ಯಾಕೆ ಓದಬೇಕು? ಓದಿ ಬಂದ ನನಗೆ ಸಿಕ್ಕಿದ್ದೇನು? "ವನಜಾ, ಹೋಯಿ ವಾಯ್ದೆ ತಕಂಡ್ ಬಾ." ಮುಂದಿನ ತಾರೀಕು ಕೇಳುವುದೇ ನನ್ನ ವಕೀಲಿಕೆ. ವಾದ ನಾನು ಬರೆಯುತ್ತಿದ್ದೆ, ಎದ್ದು ನಿಂತು ಹೇಳುತ್ತಿದ್ದವರು ಅವರು. ನಲವತ್ತು ವರ್ಷ ತುಂಬುವವರೆಗೆ ಒಬ್ಬ ಸಾಕ್ಷಿಯ ಪಾಟಿ ಸವಾಲು ಮಾಡಲು ಬಿಡಲಿಲ್ಲ ನನ್ನನ್ನು. ಬೇರೆ ಆಫೀಸು ಮಾಡಬಾರದಿತ್ತಾ ಎಂದು ಕೇಳುತ್ತೀರಿ. ಧೈರ್ಯ ಇರಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಇನ್ನು ಈ ಕೊನೆಯ ಆಸೆ. ಅದು ಸುಳ್ಳು ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ನಾನೇ ನಿಂತಿದ್ದೆ. ಬಚ್ಚಣ್ಣನ ಕೈ ಹಿಡಿದು ಅವರು ಹೇಳಿದ್ದು ಹೌದು. "ಹೆಣ್ಣ್ ಇಲ್ಲೇ ಓದ್ಲಿ ಬಚ್ಚ. ಆಫೀಸ್ ಬಾಗ್ಲ್ ಹಾಕೂಕಾಗ." ನಾನೇ ಸಾಕ್ಷಿ. ಅಂದಿನಿಂದ ಬಚ್ಚಣ್ಣನದು ಒಂದೇ ಮಾತು — "ಒಡೇರ್ ಹೋಪತಿಗೆ ಹೇಳ್ದ್ ಮಾತ್ ಮೀರೂಕಾತ್ತಾ ವನಜಕ್ಕ?"

ಮೀರಬಹುದು ಬಚ್ಚಣ್ಣ. ಹೇಗೆಂದು ನಿಮ್ಮ ಒಡೆಯರೇ ಕಲಿಸಿದ್ದಾರೆ. ಕಿರಿಮಂಜೇಶ್ವರದ ವೀಲುನಾಮೆಯ ಕೇಸು ನೆನಪಿದೆಯಾ? ಅಣ್ಣ ಒಬ್ಬ ಸಾಯುವಾಗ ತಂಗಿಯ ಪಾಲಿನ ಜಾಗವನ್ನೂ ಸೇರಿಸಿ ತನ್ನ ಮಗನಿಗೆ ಬರೆದಿಟ್ಟಿದ್ದ. ಸಾಯುವವನ ಕೊನೆಯ ಆಸೆ, ನಡೆಸಿಕೊಡಬೇಕು ಎಂದು ಎದುರು ವಕೀಲರು ಕಣ್ಣೀರು ಹಾಕಿದರು. ಶಾಮರಾಯರು ಎದ್ದು ನಿಂತರು, ಕನ್ನಡಕ ತೆಗೆದರು — "ತನ್ನದಲ್ಲದ ಜಾಗವನ್ನು ಬರೆದುಕೊಡಲು ಇವರು ಯಾರು ಸ್ವಾಮಿ?" ಅಷ್ಟೇ. ಕೂತರು. ಕೇಸು ಗೆದ್ದರು. ಎಂಥಾ ವಕೀಲ! ಅವತ್ತು ಅವರ ಕಾಲಿಗೆ ಬೀಳಬೇಕು ಅನ್ನಿಸಿತ್ತು ನನಗೆ.

ಈಗ ಅದೇ ಪ್ರಶ್ನೆ ನಾನು ಅವರನ್ನು ಕೇಳುತ್ತೇನೆ. ಈ ಫೋಟೋ ನೋಡಿಯೇ ಕೇಳುತ್ತೇನೆ. ವಿಜೇತಾಳ ಐದು ವರ್ಷದ ಓದು, ಅದರ ನಂತರದ ಬದುಕು — ಬರೆದುಕೊಡಲು ನೀವು ಯಾರು ಸಾರ್?

ಮಧುಸೂದನ ಅವರೇ, ಗಂಟೆ ಬಾರಿಸಬೇಡಿ, ಮುಗಿಸುತ್ತೇನೆ. ಓದಿ ಅವಳು ಏನು ಮಾಡುತ್ತಾಳೆ? ಸಿವಿಲ್ ಜಡ್ಜ್ ಪರೀಕ್ಷೆ ಬರೆಯಬಹುದು. ದೆಹಲಿಯಲ್ಲಿ ನಿಲ್ಲಬಹುದು. ಕಂಪನಿಯ ಕಾನೂನು ಕೆಲಸ ಹಿಡಿಯಬಹುದು. ಇಲ್ಲಿಗೇ ಬಂದು, ಇದೇ ಕೋರ್ಟಿನಲ್ಲಿ, ನಿಮ್ಮ ಎದುರಿಗೇ ಎದ್ದು ನಿಂತು ನಿಮಗೆ ಬೆವರಿಳಿಸಬಹುದು. ನಿಮಗೆ ಹೆದರಿಕೆ ಇರುವುದು ಅದಕ್ಕೇ ಅಂತ ಕಾಣುತ್ತದೆ.

ಕಳೆದ ಸೋಮವಾರ ಕೋರ್ಟಿನ ಜಗಲಿಯಲ್ಲಿ ವಿಜೇತಾ ನನ್ನ ಸೆರಗು ಹಿಡಿದು ಕೇಳಿದಳು. "ಅಕ್ಕಾ, ನಾನ್ ಎಂತ ಮಾಡ್ಕ್?" ನಾನು ಏನಂದೆ ಗೊತ್ತಾ? "ಕಾಂಬ" ಅಂದೆ. ನನ್ನ ಬಾಯಿಯಿಂದ ಅದೇ ಮಾತು ಬಂತು! ಆ ಹುಡುಗಿ ತಲೆಯಾಡಿಸಿ ಹೋದಳು. ಮನೆಗೆ ಹೋಗಿ ನಾನು ಅನ್ನ ಮುಟ್ಟಲಿಲ್ಲ. ಸಣ್ಣವಳಾದರೂ ಅವಳಲ್ಲಿ ಕ್ಷಮೆ ಕೇಳುತ್ತೇನೆ — ತಪ್ಪಾಯಿತು ಮಗಳೇ.

ಶಾಮರಾಯರ ಆಫೀಸಿನ ಬಾಗಿಲು ಹಾಕುವುದಿಲ್ಲ. ನಾನಿದ್ದೇನಲ್ಲ, ನಾಳೆಯಿಂದ ನನ್ನ ಹೆಸರಿನಲ್ಲಿ ತೆರೆಯುತ್ತೇನೆ. ಬಚ್ಚಣ್ಣ, ನೀವು ನನ್ನ ಗುಮಾಸ್ತರು. ಸುಗುಣಮ್ಮ, ಬೋರ್ಡು ಬದಲಾಗುತ್ತದೆ, ಬೇಸರ ಮಾಡಬೇಡಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಅಗಲಿದ ಹಿರಿಯರ ಆತ್ಮಕ್ಕೆ ಶಾಂತಿ ಕೋರಿ ಎರಡು ನಿಮಿಷ ಮೌನ. ನಾನು ಅವರನ್ನು ಬೈದಿದ್ದೇನೆ, ನಾನೂ ನಿಲ್ಲುತ್ತೇನೆ. ಯಾರೂ ಕೆಮ್ಮುವುದೂ ಬೇಡ.

ವಿಜೇತಾ, ನೀನು ಏಳಬೇಡ. ಕೂತುಕೋ, ಫೋನ್ ತೆಗೆ, ಸೀಟು ಒಪ್ಪಿಕೊಳ್ಳುವ ಆ ಪುಟ ತೆರೆ. ಬಚ್ಚಣ್ಣ, ನೀವು ಫೋನ್ ಆನ್ ಮಾಡಿ. ಆರು ಅಂಕೆ ಬರುತ್ತದೆ.

ಈ ಎರಡು ನಿಮಿಷ ಈ ಸಭೆಯಲ್ಲಿ ನಿಮ್ಮೊಬ್ಬರ ಸ್ವರ ಮಾತ್ರ ಕೇಳಬೇಕು. ಮಗಳಿಗೆ ಓದಿ ಹೇಳಿ.