ಕ್ಲಚ್ ಮೇಲಿನ ಕಾಲು

ಆಸ್ಪತ್ರೆಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಅಜ್ಜಿಯ ಕಿವಿಗೆ ಪಕ್ಕದ ತುಂಬುಬಸುರಿ ಮತ್ತು ಅವಳ ಗಂಡನ ಮಾತು ಬಿತ್ತು.

“ಹೆರಿಗೆ ಹೊತ್ತಿಗೆ ಕಾರು ನಡುದಾರೀಲಿ ಕೈಕೊಟ್ರೆ ಏನ್ರೀ ಗತಿ? ಯಾವ ಮೆಕ್ಯಾನಿಕ್ಕಿಗೆ ರಿಪೇರಿಗೆ ಕೊಡೋದು ಅಂತ ಇವತ್ತೇ ಹೇಳ್ಬಿಡಿ.”

“ಸರ್ಕಲ್ ಹತ್ರದೋನು ಹೊಸ ಕ್ಲಚ್ ಹಾಕೋಕೆ ಇಪ್ಪತ್ತು ಸಾವಿರ ಅಂದ.”

“ನಂಗೆ ಮೂವತ್ತು ಅಂದ! ಬೇರೆಬೇರೆ ಹೋಗಿ ಕೇಳಿದ್ದು ಒಳ್ಳೇದೇ ಆಯ್ತು.”

“ಆ ಬೋಳುತಲೆ ಮೇಸ್ತ್ರಿ ಇಪ್ಪತ್ತೆರಡು ಅಂದ.”

“ನಂಗೂ ಅಷ್ಟೇ ಅಂದ. ಯಾವಾಗ್ಲೂ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಲ್ಲ, ಅದಕ್ಕೇ ಸವೆದುಹೋಗಿದೆ ಅಂತ ಬೈದ ಬೇರೆ.”

“ನಂಗೂ ಬೈದ ಕಣೇ! ನಾನಲ್ಲಪ್ಪಾ, ನನ್ನ ಹೆಂಡ್ತಿ ಅಂದ್ಬಿಟ್ಟೆ.”

“ಅಯ್ಯೋ, ನಾನು ನಮ್ಮನೆಯವ್ರು ಅಂದಿದೀನಿ!”

ಅಜ್ಜಿ ಕೆಮ್ಮಿನ ನೆಪದಲ್ಲಿ ನಗು ನುಂಗಿಕೊಂಡಳು.

“ಇಬ್ರಿಗೂ ಒಂದೇ ರೇಟು, ಒಂದೇ ಬೈಗುಳ. ಅವನಿಗೇ ಕೊಡೋಣ.”

ನರ್ಸ್ ಕರೆದಳು. ಅವನು ಹೆಂಡತಿಯ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿದ.

“ಇಬ್ರೂ ಒಟ್ಟಿಗೆ ಹೋದಾಗ ಕ್ಲಚ್ ತುಳಿದೋರು ಯಾರು ಅಂತ ಕೇಳಿದ್ರೆ?”

“ಹೊಟ್ಟೇಲಿರೋ ಪಾಪು ಮೇಲೆ ಹಾಕೋಣ, ನಡಿ.”