ತೊಲೆಗೆ ತೊಲೆ, ಡಬ್ಬಿಗೆ ಡಬ್ಬಿ

ಮಾನ್ಯ ಅಧ್ಯಕ್ಷರಾದ ಬಸಗೊಂಡಪ್ಪನವರೇ, ವೇದಿಕೆಯನ್ನು ತುಂಬಿರುವ ಅತಿಥಿ ಮಹನೀಯರೇ, ಇಪ್ಪತ್ತೆಂಟು ವರ್ಷ ನನ್ನನ್ನು ಸಹಿಸಿಕೊಂಡ ಈ ಸಾಲೆಯ ಶಿಕ್ಷಕ ಮಿತ್ರರೇ, ಟಿಕೋಟಾ ಬಬಲೇಶ್ವರದಿಂದ ಬಂದು ಜಾಗ ಸಾಲದೆ ಬಾಗಿಲಲ್ಲಿ ನಿಂತಿರುವ ಬಂಧುಗಳೇ, ಕುಳಿತಿರುವ ಸಭಿಕರೇ,

ಹಾರ ಹಾಕಿದಿರಿ, ಶಾಲು ಹೊದಿಸಿದಿರಿ. ಈ ಗುರುಪಾದಯ್ಯ ಮಾಸ್ತರು, ಅಂದರೆ ನಾನು, ಬರೆದ 'ಉರುವಲು ಮತ್ತು ಉಷ್ಣ' ಎಂಬ ಚಿಕ್ಕ ಪುಸ್ತಕವನ್ನು ಎರಡನೆಯ ಸಲ ಅಚ್ಚು ಹಾಕಿಸಿ ವಿಜಾಪುರ ಜಿಲ್ಲೆಯ ಸಾಲೆಗಳಿಗೆಲ್ಲ ಹಂಚುವುದಾಗಿ ಅಧ್ಯಕ್ಷರು ಈಗ ತಾನೇ ಸಾರಿದರು. ನಿವೃತ್ತಿಯ ದಿನ ಮಾಸ್ತರನಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು? ಒಂದು ಬೇಕಾಗಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಉಷ್ಣದ ಮಾತು ಆಡಿಬಿಡುತ್ತೇನೆ, ಅದನ್ನು ಆಡದೆ ನನಗೆ ಇರಲಾಗುವುದಿಲ್ಲ.

ಒಂದು ತೊಲೆ ತೂಕದ ಸಗಣಿ ಕುಳ್ಳಿನಲ್ಲಿ ಎಷ್ಟು ಶಾಖ ಅಡಗಿದೆ? ಒಂದು ತೊಲೆ ಚಿಮಣಿ ಎಣ್ಣೆಯಲ್ಲಿ ಎಷ್ಟು? ನಮ್ಮ ಜೈನಾಪುರದ ಮನೆಯಲ್ಲಿ ಅವ್ವ ಕುಳ್ಳು ಊದುತ್ತ ಕೆಮ್ಮುವಾಗ ನನಗೆ ಹುಟ್ಟಿದ ಪ್ರಶ್ನೆ ಇದು. ಮಾಸ್ತರನಾದ ಮೇಲೆ ಬಂಗಾರ ತೂಗುವ ಪತ್ತಾರನ ತಕ್ಕಡಿ ಕಡ ತಂದೆ. ತಗಡಿನ ಡಬ್ಬಿಯಲ್ಲಿ ನಾಲ್ಕು ಸೇರು ನೀರು ಇಟ್ಟೆ, ಸುತ್ತಲೂ ಅರಳೆ ಸುತ್ತಿದೆ, ಸಾಲೆಯ ಉಷ್ಣಮಾಪಕ ಇಳಿಬಿಟ್ಟೆ, ಕೆಳಗೆ ಒಂದೊಂದೇ ತೊಲೆ ಉರುವಲು ಸುಟ್ಟೆ. ಕುಳ್ಳು ನೀರನ್ನು ಏಳು ಡಿಗ್ರಿ ಏರಿಸಿತು. ಜಾಲಿ ಕಟ್ಟಿಗೆ ಒಂಬತ್ತು. ಜಾಲಿ ಇದ್ದಿಲು ಹದಿನಾರು. ಚಿಮಣಿ ಎಣ್ಣೆ ಇಪ್ಪತ್ತೈದು. ಸಭಿಕರೇ, ಇಪ್ಪತ್ತೈದು. ಆ ದಿನ ನಾನು ಧೋತರದ ಚುಂಗು ಹಿಡಿದುಕೊಂಡು ಅಂಗಳದಲ್ಲಿ ಕುಣಿದೆ. ನೆರೆಯವರು ಯಾರಿಗೋ ಗಂಡು ಹುಟ್ಟಿತೆಂದು ತಿಳಿದರು.

ಅಷ್ಟಕ್ಕೆ ಬಿಟ್ಟೆನೆ? ಮನುಷ್ಯನಿಗೂ ಉರುವಲು ಬೇಕಲ್ಲ ಎಂದು ಒಣಗಿದ ಜೋಳದ ರೊಟ್ಟಿಯನ್ನು ಒಂದು ತೊಲೆ ತೂಗಿ ಸುಟ್ಟೆ. ಜಾಲಿ ಕಟ್ಟಿಗೆಗೆ ಸರಿಸಮ ಬಂತು. ಈ ಸಂತೋಷವನ್ನು ಹೇಳಲು ಅಡುಗೆಮನೆಗೆ ಓಡಿದರೆ ನಮ್ಮ ಮನೆಯವರು, ರೇಣುಕವ್ವ, "ಉಣ್ಣೂ ರೊಟ್ಟಿ ಸುಟ್ಟೀರಿ. ಇವತ್ತ ಸಂಜಿಗೆ ಜಾಲಿ ಕಟಗಿನ ಉಣ್ರಿ" ಎಂದು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಊರಿಗೆಲ್ಲ ಶಾಣ್ಯಾ ಆದವನು ಮನೆಯಲ್ಲಿ ದಡ್ಡನಾಗುವುದು ಹೊಸದೇನಲ್ಲ.

ಇನ್ನು ಇದ್ದಿಲಿನ ವಿಷಯ. ಪುಸ್ತಕದ ಹನ್ನೊಂದನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿದೆ: 'ಯಾವ ಕಟ್ಟಿಗೆಯದೇ ಇರಲಿ, ಇದ್ದಿಲು ಇದ್ದಿಲೇ, ಎಲ್ಲ ಇದ್ದಿಲಿನ ಶಾಖ ಒಂದೇ.' ಜಾಲಿ ಇದ್ದಿಲು ಸುಟ್ಟೆ, ಹದಿನಾರು. ಹತ್ತಿಕಟ್ಟಿಗೆಯ ಇದ್ದಿಲು ಸುಟ್ಟೆ, ಅದೂ ಹದಿನಾರು. ಮೂರು ಸಲ ಸುಟ್ಟೆ, ಮೂರು ಸಲವೂ ಹದಿನಾರು. ತೊಲೆಗೆ ತೊಲೆ ಅದು ಇಂದಿಗೂ ಸತ್ಯ.

ಇಲ್ಲಿ ಮೇಜಿನ ಮೇಲೆ ಒಂದೇ ಅಳತೆಯ ಎರಡು ಡಬ್ಬಿಗಳಿವೆ. ನಿಮ್ಮೆಲ್ಲರ ಎದುರಿಗೆ ಒಂದರಲ್ಲಿ ಜಾಲಿ ಇದ್ದಿಲು, ಇನ್ನೊಂದರಲ್ಲಿ ಹತ್ತಿಕಟ್ಟಿಗೆಯ ಇದ್ದಿಲು ಬಾಯಿಮಟ ತುಂಬುತ್ತೇನೆ. ತುಂಬಿತು. ಅಧ್ಯಕ್ಷರು ದಯವಿಟ್ಟು ಒಂದೊಂದು ಕೈಯಲ್ಲಿ ಒಂದೊಂದನ್ನು ಎತ್ತಬೇಕು. ಕೈ ಕಪ್ಪಾಗುತ್ತದೆ, ಕ್ಷಮಿಸಬೇಕು. ಎಡಗೈಯ ಹತ್ತಿಕಟ್ಟಿಗೆಯದು ಹಗುರ ಅಲ್ಲವೇ? ತೂಗಿ ನೋಡಿದ್ದೇನೆ, ಹೆಚ್ಚುಕಡಿಮೆ ಅರ್ಧ. ಎರಡೂ ತುಂಬಿವೆ. ಒಂದರಲ್ಲಿ ಇನ್ನೊಂದರ ಅರ್ಧದಷ್ಟೇ ಶಾಖವಿದೆ. ಬಸಗೊಂಡಪ್ಪನವರೇ, ಆ ಎಡಗೈ ಡಬ್ಬಿಯಿಂದ ಯಾರಾದರೂ ಇದ್ದಿಲು ಕದ್ದರೇ?

ಸಭಿಕರಲ್ಲಿ ಕೆಲವರು ತಲೆ ತಗ್ಗಿಸಿದರು. ನೆನಪಾಯಿತು ಎಂದು ಕಾಣುತ್ತದೆ. ನೆನಪಿಲ್ಲದವರಿಗೆ ಹೇಳುತ್ತೇನೆ.

ಮೂರು ವರ್ಷದ ಹಿಂದೆ, ನಲವತ್ಮೂರನೆಯ ಇಸವಿ. ಯುದ್ಧಕಾಲ. ಪೆಟ್ರೋಲಿಗೆ ಕೂಪನ್ನು, ಕೂಪನ್ನಿಗೆ ಕಚೇರಿಯ ಬಾಗಿಲು ಕಾಯುವುದು. ನಮ್ಮ ಅಧ್ಯಕ್ಷರು ಧೈರ್ಯವಂತರು, ತಮ್ಮ ಬಸ್ಸಿನ ಬೆನ್ನಿಗೆ ಕಬ್ಬಿಣದ ದೊಡ್ಡ ಡ್ರಮ್ಮು ಕೂರಿಸಿದರು. ಅದರಲ್ಲಿ ಇದ್ದಿಲು ಉರಿದು ಗ್ಯಾಸು ಹುಟ್ಟಬೇಕು, ಆ ಗ್ಯಾಸಿನಿಂದ ಬಸ್ಸು ಓಡಬೇಕು. ಓಡಿತು. ಹಿಂದಿನ ಸೀಟಿನಲ್ಲಿ ಕುಳಿತು ಬಂದ ಮದುಮಗನನ್ನು ಮಸಿ ತೊಳೆಯುವ ತನಕ ಬೀಗರು ಗುರುತಿಸಲಿಲ್ಲ, ಆದರೂ ಓಡಿತು. ಒಮ್ಮೆ ಜಾಲಿ ಇದ್ದಿಲು ತುಂಬಿದರೆ ವಿಜಾಪುರದಿಂದ ಟಿಕೋಟಾ, ಮುಂದೆ ಬಿಜ್ಜರಗಿ, ತಿರುಗಿ ವಿಜಾಪುರ. ಓಡಿಸುತ್ತಿದ್ದವನು ಬುಡ್ಡೇಸಾಬ. ಇಂಜಿನ್ನಿನ ಉಸಿರು ಕೇಳಿಯೇ ಅದರ ಜಡ್ಡು ಹೇಳುವಂಥ ಡ್ರೈವರ.

ಆ ಬೇಸಿಗೆಯಲ್ಲಿ ಜಾಲಿ ಇದ್ದಿಲು ಸಿಗದಾಯಿತು. ಹತ್ತಿಕಟ್ಟಿಗೆಯ ಇದ್ದಿಲು ಬೇಕಾದಷ್ಟಿತ್ತು. ಅಧ್ಯಕ್ಷರು ನನ್ನನ್ನು ಕೇಳಿದರು, "ಮಾಸ್ತರ, ಎರಡೂ ಒಂದನೇನ್ರಿ?" ನಾನು ಎದೆಯುಬ್ಬಿಸಿ ಹೇಳಿದೆ, "ಒಂದೇ."

ಮರುದಿನ ಅವರು ತಾವೇ ನಿಂತು ಡ್ರಮ್ಮು ತುಂಬಿಸಿದರು. ಬಸ್ಸು ಬಿಜ್ಜರಗಿ ಮುಟ್ಟಿ, ತಿರುಗಿ ಬರುವಾಗ ಟಿಕೋಟಾಕ್ಕೆ ಇನ್ನೂ ದೂರವಿರುವಾಗಲೇ ನಿಂತಿತು. ಮಟಮಟ ಮಧ್ಯಾಹ್ನ, ಬಸ್ಸಿನ ತುಂಬ ಮಂದಿ, ಡ್ರಮ್ಮಿನಲ್ಲಿ ಬೂದಿ. ಮಾರನೆಯ ದಿನ ಅಡತಿ ಅಂಗಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ನನ್ನನ್ನು ಕರೆಸಿದರು. "ನನ್ನ ಕಣ್ಣಮುಂದ ಡ್ರಮ್ ತುಂಬೈತಿ. ಇದ್ದಲಿ ಎಲ್ಲಿ ಹೋತು?" ಎಂದು ಬಸ್ಸಿನ ಯಜಮಾನರಾದ ನಮ್ಮ ಅಧ್ಯಕ್ಷರು ಕೇಳಿದರು. "ನಾ ಒಂದ ಬುಟ್ಟಿ ಸೈತ ಮುಟ್ಟಿಲ್ರಿ ಯಪ್ಪಾ. ಈ ಇದ್ದಲಿನ ಅಂಥಾದ್ದು, ಬಾಳಿಕಿ ಬರೂದಿಲ್ಲ" ಎಂದ ಬುಡ್ಡೇಸಾಬ. ಎಲ್ಲರೂ ನನ್ನ ಕಡೆ ನೋಡಿದರು. ಕಲಿತವನು ನಾನು. "ಶಾಖ ಒಂದೇ" ಎಂದೆ. ಅಷ್ಟೇ ಅಂದದ್ದು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ದಾರಿಯಲ್ಲಿ ಇದ್ದಿಲು ಮಾರಿಕೊಂಡನೆಂದು ಅವನನ್ನು ಕೆಲಸದಿಂದ ಬಿಡಿಸಿದರು.

ಮನೆಗೆ ಬಂದು ಊಟಕ್ಕೆ ಕುಳಿತು ನಡೆದದ್ದನ್ನು ಹೇಳಿದೆ. ರೇಣುಕವ್ವ ಬಡಿಸುವ ಕೈ ನಿಲ್ಲಿಸಿದರು. "ಜಾಲಿ ಇದ್ದಲಿ ಒಂದ ಶಗಡಿ ತುಂಬಿದ್ರ ಬ್ಯಾಳಿ ಬೆಂದು ಮ್ಯಾಲ ನೀರೂ ಕಾಯ್ತಾವು. ಹತ್ತಿಕಟಗಿದು ತುಂಬಿದ್ರ ಬ್ಯಾಳಿ ಅರ್ಧಾ ಬೇಯೂದ್ರಾಗ ಬೂದಿ ಆಗ್ತೈತಿ. ಹೆಂಗ ಒಂದ ಅಂದ್ರಿ?"

"ತೊಲೆಗೆ ತೊಲೆ ಒಂದೇ" ಎಂದೆ.

"ಶಗಡಿ ತೂಕ ಹಿಡಿತೈತೇನ್ರಿ? ಜಾಗಾ ಹಿಡಿತೈತಿ."

ಸಭಿಕರೇ, ನಾನು ಎಂಥ ಮನುಷ್ಯನೆಂದು ಕೇಳಿ. ಊಟ ಬಿಟ್ಟು ಎದ್ದೆ, ಎರಡು ಡಬ್ಬಿ ತುಂಬಿ ತೂಗಿದೆ, ಹಾದಿಯ ಮೈಲುಗಳನ್ನು ಭಾಗಿಸಿದೆ. ಬಸ್ಸು ಎಲ್ಲಿ ನಿಲ್ಲಬೇಕಿತ್ತೋ ಸರಿಯಾಗಿ ಅಲ್ಲಿಯೇ ನಿಂತಿತ್ತು. ನನಗೆ ಸಂತೋಷವಾಯಿತು. ಮತ್ತೊಮ್ಮೆ ಕುಣಿಯುವಷ್ಟು ಸಂತೋಷವಾಯಿತು. ಬುಡ್ಡೇಸಾಬ ನೆನಪಾದದ್ದು ಅದಾದ ಮೇಲೆ.

ಆ ಕ್ಷಣವೇ ಕಟ್ಟೆಗೆ ಓಡಬಹುದಿತ್ತು. ಪುಸ್ತಕ ಧಾರವಾಡದಲ್ಲಿ ಅಚ್ಚಿನಲ್ಲಿತ್ತು. ಮುಂದಿನ ವಾರ ಇನ್ಸ್‌ಪೆಕ್ಟರು ಸಾಲೆಗೆ ಬರುವವರಿದ್ದರು. ಇಂದು ನಾಳೆ ಎಂದೆ. ಅಷ್ಟರಲ್ಲಿ ಜಾಲಿ ಇದ್ದಿಲು ಮತ್ತೆ ಸಿಕ್ಕಿತು, ಹೊಸ ಡ್ರೈವರನ ಕೈಯಲ್ಲಿ ಬಸ್ಸು ಎಲ್ಲಿಯೂ ನಿಲ್ಲಲಿಲ್ಲ. ಜನ ಏನೆಂದರು? "ನೋಡ್ರಿ, ಕಳ್ಳ ಹೋದ, ಬಸ್ ಓಡ್ತು." ಆ ಮಾತು ಕೇಳಿಯೂ ನಾನು ಸುಮ್ಮನಿದ್ದೆ. ಒಂದು ದಿನವಲ್ಲ, ಮೂರು ವರ್ಷ. ನಾಚಿಕೆಯಾಗುತ್ತದೆ.

ಬುಡ್ಡೇಸಾಬ ಈಗ ಇಟ್ಟಂಗಿಹಾಳದಲ್ಲಿ ಬೇರೆಯವರ ಎತ್ತಿನ ಚಕ್ಕಡಿ ಹೊಡೆಯುತ್ತಾನೆ. ಅವನ ಹೆಂಡತಿ ರಾಜಬಿ ಬಾವಿಗೆ ಹೋದರೆ ಇಂದಿಗೂ ಇದ್ದಲಿಕಳ್ಳನ ಹೆಂಡತಿ ಎನ್ನುತ್ತಾರೆ. ಈ ಸನ್ಮಾನದ ಕಾಗದ ಬಂದ ದಿನ ನನಗೆ ಅನ್ನ ಸೇರಲಿಲ್ಲ. ರೇಣುಕವ್ವ, "ಶಾಲು ಹೊದಿಸಿಕೊಳ್ಳೂ ಮೊದಲ ಅಲ್ಲಿ ಹೋಗಿ ಬರ್ರಿ" ಎಂದರು.

ಆದ್ದರಿಂದ ನನಗೆ ಬೇಕಾದದ್ದು ಇಷ್ಟು. ಹನ್ನೊಂದನೆಯ ಪುಟ ತಿದ್ದುವ ತನಕ ಈ ಪುಸ್ತಕ ಅಚ್ಚಾಗಬಾರದು. ತೊಲೆಯ ಅಂಕಿಯ ಪಕ್ಕದಲ್ಲಿ ಡಬ್ಬಿಯ ಅಂಕಿ ಬರಬೇಕು, ಅದನ್ನು ಹೇಳಿಕೊಟ್ಟವರು ರೇಣುಕವ್ವ ಎಂದು ಇರಬೇಕು. ಅದರ ಕೆಳಗೆ ಬುಡ್ಡೇಸಾಬನ ಹೆಸರು ಹಾಕಿ, ಅವನು ಒಂದು ಬುಟ್ಟಿ ಇದ್ದಿಲನ್ನೂ ಮುಟ್ಟಿರಲಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಬಸಗೊಂಡಪ್ಪನವರೇ, ನೀವು ನನ್ನ ಮಾತು ನಂಬಿ ಅವನನ್ನು ಕೆಲಸದಿಂದ ಬಿಡಿಸಿದಿರಿ. ಇವತ್ತೂ ನನ್ನ ಮಾತನ್ನೇ ನಂಬಿ, ಅವನನ್ನು ಮತ್ತೆ ಕೆಲಸಕ್ಕೆ ಕರೆಯಲು ನೀವೇ ಹೋಗಬೇಕು. ನಿಮ್ಮ ಸಂಗಡ ನಾನೂ ಬರುತ್ತೇನೆ.

ಹೋದ ವಾರ ಇಟ್ಟಂಗಿಹಾಳಕ್ಕೆ ಹೋಗಿದ್ದೆ. ಅವನು ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಎರಡೂ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ, ತಪ್ಪಾಯಿತು ಎಂದೆ. ಅವನು ಸಿಟ್ಟು ಮಾಡಲಿಲ್ಲ. ಎತ್ತುಗಳಿಗೆ ನೀರು ಕುಡಿಸಿ ಮುಗಿಸಿದ. ಆಮೇಲೆ ಹೇಳಿದ:

"ನಾ ಕದ್ದಿಲ್ಲಂತ ನನಗ ಗೊತ್ತ ಐತ್ರಿ, ಮಾಸ್ತರ. ನನಗ್ಯಾಕ ಹೇಳಾಕ ಬಂದೀರಿ? ಗೊತ್ತಿಲ್ಲದ ಮಂದಿಗೆ ಹೋಗಿ ಹೇಳ್ರಿ."

ಆ ಮಂದಿ ನೀವು. ಹೇಳಿದ್ದೇನೆ. ಕೇಳಿದ ನಿಮ್ಮೆಲ್ಲರಿಗೂ ಈ ಮುದುಕನ ವಂದನೆಗಳು. ನಮಸ್ಕಾರ.